ಮೆನೋರ್ಕಾ ದ್ವೀಪದಾಗ ಗದ್ದಲ ಇಲ್ಲದ ಈಜುವ ಜಾಗ ಹುಡುಕೋದು ಹ್ಯಾಂಗ?

ಜೇವರ್ಗಿ ಕ್ರಾಸ್, ಕಲಬುರಗಿ

ನಮಸ್ಕಾರ್ರಿ ಎಲ್ಲಾರಿಗೂ. ಸೆಪ್ಟೆಂಬರ್ ಎರಡನೇ ವಾರ ಸ್ಪೇನಿನ ಮೆನೋರ್ಕಾ ದ್ವೀಪಕ್ಕ ಹೊಂಟೀವಿ. ನಾನು, ನಮ್ಮ ಮನಿಯವ್ರು, 11 ವರ್ಷದ ಮಗಳು. ದ್ವೀಪದ ನಡು ಇರೋ ಫೆರೆರಿಯೆಸ್ ಊರಾಗ ಮನಿ ಹಿಡಿದೀವಿ. ವೀಸಾ, ಟಿಕೆಟ್ ಎಲ್ಲಾ ಆಗ್ಯಾವ, ಅದರ ಬಗ್ಗೆ ಪ್ರಶ್ನೆ ಇಲ್ಲ.

ನಾವಿಬ್ರೂ ಬಾವಿ ಮತ್ತ ಭೀಮಾ ಹೊಳ್ಯಾಗ ಈಜು ಕಲ್ತವ್ರು. ಸಮುದ್ರದ ರೂಢಿ ಇಲ್ಲ. ಮಗಳು ಈಜುಕೊಳದಾಗ 25 ಮೀಟರ್ ಹೊಡೀತಾಳ, ಆಮ್ಯಾಲ ದಣೀತಾಳ. ನೆಟ್ಟಿನಾಗ ಎಲ್ಲಿ ನೋಡಿದ್ರೂ ಮಕರೆಲ್ಯಾ, ತುರ್ಕೆತಾ ಅಂತ ಅವೇ ನಾಕು ಹೆಸರು, ಫೋಟೋದಾಗ ಕಾಲಿಡ್ಲಿಕ್ಕೂ ಜಾಗ ಕಾಣೂದಿಲ್ಲ. ಸಣ್ಣ ಕೊಲ್ಲಿ, ಕಡಿಮಿ ಮಂದಿ, ನೀರು ಶಾಂತ ಇರಬೇಕು, ಅಂಥಾದ್ದು ನಾವೇ ಹುಡುಕೋದು ಹ್ಯಾಂಗ? ಮನಿ ಬಿಡೋಕಿಂತ ಮೊದಲ ಇವತ್ತು ಅಲ್ಲಿ ನೀರು ಹ್ಯಾಂಗದ ಅಂತ ತಿಳ್ಕೊಳ್ಳೋ ದಾರಿ ಅದ ಏನು? ನಡೀಲಿಕ್ಕ ನಾವು ತಯಾರ, ಒಂದು ತಾಸಿನ ತನಕ ಆದ್ರೂ ನಡೀತೀವಿ.

ನೌಬಾದ್ ಸುರಂಗ, ಬೀದರ

ಹೆಸರಿನ ಪಟ್ಟಿ ಇಟ್ಟುಕೊಂಡು ಹೋಗಬೇಡಿ. ಮೆನೋರ್ಕಾದಲ್ಲಿ ಕೊಲ್ಲಿಯನ್ನು ಆಯ್ಕೆ ಮಾಡುವುದು ಗಾಳಿ. ನೀವು ಹಿಡಿದಿರುವ ಮನೆಯ ಜಾಗ ಈ ದೃಷ್ಟಿಯಿಂದ ಬಹಳ ಒಳ್ಳೆಯದು. ದ್ವೀಪ ಸುಮಾರು 700 ಚದರ ಕಿ.ಮೀ. ಮಾತ್ರ. ಪೂರ್ವದ ಮಾಓ ಪಟ್ಟಣದಿಂದ ಪಶ್ಚಿಮದ ಸಿಯುತದೆಲ್ಲಾಕ್ಕೆ ಮುಖ್ಯರಸ್ತೆಯಲ್ಲಿ 45 ಕಿ.ಮೀ., ಹೆಚ್ಚುಕಡಿಮೆ ಕಲಬುರಗಿಯಿಂದ ಆಳಂದಕ್ಕೆ ಹೋದಷ್ಟು. ಫೆರೆರಿಯೆಸ್‌ನಿಂದ ಉತ್ತರದ ದಂಡೆಗೂ ದಕ್ಷಿಣದ ದಂಡೆಗೂ ಕಾರಿನಲ್ಲಿ ಅರ್ಧ ಗಂಟೆ ಸಾಕು. ಹಾಗಾಗಿ ಯಾವ ಕಡೆ ಎಂಬುದನ್ನು ಬೆಳಗಿನ ಚಹಾ ಕುಡಿಯುವಾಗ ತೀರ್ಮಾನಿಸಬಹುದು.

ಎರಡು ದಂಡೆಗಳೂ ಬೇರೆ ಬೇರೆ ಜಾತಿಯವು. ದಕ್ಷಿಣದ ಅರ್ಧ ಸುಣ್ಣಕಲ್ಲಿನ ಸಮತಟ್ಟು ನೆಲ. ಮಳೆಯ ಹಳ್ಳಗಳು ಅದನ್ನು ಕೊರೆದು ಆಳವಾದ ಕಂದಕಗಳನ್ನು ಮಾಡಿವೆ, ಒಂದೊಂದು ಕಂದಕವೂ ಕಡಲು ಸೇರುವಲ್ಲಿ ಒಂದು ಕೊಲ್ಲಿ. ಎರಡು ಬದಿ ಗೋಡೆಯಂತೆ ನಿಂತ ಬಂಡೆ, ಹಿಂದೆ ಪೈನ್ ಮರ, ಬಿಳಿ ಮರಳು, ತಿಳಿನೀಲಿ ನೀರು. ಫೋಟೋಗಳಲ್ಲಿ ಕಾಣುವುದೆಲ್ಲ ಇದೇ. ಶಹಾಬಾದ್, ಸೇಡಂ ಕಡೆಯವರಿಗೆ ಸುಣ್ಣಕಲ್ಲು ಹೊಸದಲ್ಲ, ಆದರೆ ಇಲ್ಲಿಯದು ಹಾಸುಗಲ್ಲಾಗಿ ಏಳುವಂಥದ್ದಲ್ಲ. ಮೆತ್ತನೆಯದು, ಅಲೆ ಬಡಿದು ಬುಡ ಕೊರೆದುಹೋಗುತ್ತದೆ, ಮೇಲಿನದು ಆಗಾಗ ಕಳಚಿ ಬೀಳುತ್ತದೆ. ನೆರಳಿದೆ ಎಂದು ಬಂಡೆಯ ಬುಡದಲ್ಲಿ ಚಾದರ ಹಾಸಬೇಡಿ, ಮರದ ನೆರಳಿಗೆ ಹೋಗಿ. ಉತ್ತರದ ಅರ್ಧ ಬಹಳ ಹಳೆಯ ಕಲ್ಲು: ಕಪ್ಪು ಸ್ಲೇಟು, ಕೆಂಪು ಮರಳುಗಲ್ಲು. ದಂಡೆ ಒಡೆದು ಚೂರಾದಂತಿದೆ, ಮರಳು ಕೆಂಪು ಇಲ್ಲವೆ ಬೂದು, ಮರ ಕಡಿಮೆ, ಮಂದಿಯೂ ಕಡಿಮೆ.

ಈಗ ಗಾಳಿ. ದ್ವೀಪದ ಮುಖ್ಯ ಗಾಳಿ ಉತ್ತರದಿಂದ ಬೀಸುವ ತ್ರಮುಂತಾನಾ. ಅದು ಬೀಸಿದ ದಿನ ಉತ್ತರದ ಕೊಲ್ಲಿಗಳಲ್ಲಿ ಅಲೆ ಏಳುತ್ತದೆ, ದಕ್ಷಿಣ ಕನ್ನಡಿಯಂತೆ ಇರುತ್ತದೆ. ದಕ್ಷಿಣದಿಂದ ಬೀಸುವುದು ಮಿಜೋರ್ನ್, ಆಗ್ನೇಯದಿಂದ ಶಲೋಕ್. ಇವು ಬಂದ ದಿನ ಲೆಕ್ಕ ತಿರುಗಾಮುರುಗಾ. ನನ್ನ ಅಳತೆ ಹೀಗಿದೆ: ಗಾಳಿ ತಾಸಿಗೆ 10 ಕಿ.ಮೀ. ಒಳಗಿದ್ದರೆ ಎಲ್ಲಿಗಾದರೂ ಹೋಗಿ. 15 ದಾಟಿದರೆ ಗಾಳಿಗೆ ಬೆನ್ನು ಕೊಟ್ಟ ದಂಡೆಗೆ ಹೋಗಿ. 30 ದಾಟಿದರೆ ಮಗು ಜೊತೆಗಿರುವಾಗ ಆ ದಿನ ನಡಿಗೆಗೆ ಇಡಿ, ಈಜಿಗೆ ಬೇಡ. ವಿಂಡಿ ಆ್ಯಪ್‌ನಲ್ಲಿ ಗಾಳಿಯ ಜೊತೆಗೆ ಅಲೆಯ ಪದರವನ್ನೂ ತೆರೆಯಿರಿ. ಗಾಳಿ ನಿಂತ ಮೇಲೂ ಅದು ಎಬ್ಬಿಸಿದ ಅಲೆ ಒಂದು ದಿನದವರೆಗೆ ಬರುತ್ತಲೇ ಇರುತ್ತದೆ. ಗಾಳಿಯ ಬಾಣ ಮಾತ್ರ ನೋಡಿ ಹೊರಟವರು ಮೋಸ ಹೋಗುವುದು ಇಲ್ಲಿಯೇ. ನಿಮ್ಮ ದಂಡೆಗೆ ಬರುವ ಅಲೆ ಅರ್ಧ ಮೀಟರಿಗಿಂತ ಕಡಿಮೆ ಎಂದು ತೋರಿಸಿದರೆ ಕೊಲ್ಲಿಯ ಒಳಗೆ ನಿರಾಳ.

ನಕ್ಷೆಯಲ್ಲಿ ಹುಡುಕುವುದು ಮನೆಯಲ್ಲೇ ಕುಳಿತು ಮಾಡುವ ಕೆಲಸ, ಹೊರಡುವ ಮೊದಲೇ ಮುಗಿಸಿಬಿಡಿ. ಉಪಗ್ರಹ ಚಿತ್ರ ತೆರೆದು ದಂಡೆಯ ಗುಂಟ ಸಾಗಿ. ನೀರಿನಡಿ ತಿಳಿ ಬಣ್ಣ ಕಂಡರೆ ಮರಳು. ಕಪ್ಪು ಕಲೆ ಇದ್ದು ಅಂಚು ಮಸುಕಾಗಿದ್ದರೆ ಅದು ಪೊಸಿಡೋನಿಯಾ ಎಂಬ ಕಡಲ ಹುಲ್ಲು, ಅಂಚು ಚೂಪಾಗಿದ್ದರೆ ಬಂಡೆ. ಮಗುವಿಗೆ ಬೇಕಾದದ್ದು ದಡದಿಂದ ಕನಿಷ್ಠ 30-40 ಮೀಟರ್ ತಿಳಿ ಬಣ್ಣ ಇರುವ ಕೊಲ್ಲಿ. ಸಾಲು ಸಾಲು ದೋಣಿ ಕಂಡರೆ ಅಲ್ಲಿ ಮಧ್ಯಾಹ್ನ ಗದ್ದಲ ಖಚಿತ. ಕೊಲ್ಲಿಯ ಬಾಯಿ ಯಾವ ದಿಕ್ಕಿಗೆ ತೆರೆದಿದೆ ಎಂದು ಬರೆದಿಟ್ಟುಕೊಳ್ಳಿ. ಬಾಯಿ ಕಿರಿದು, ಒಳಗೆ ಉದ್ದ ಇದ್ದರೆ ಅಲೆ ಒಳಬರುವ ಹೊತ್ತಿಗೆ ಸಾಯುತ್ತದೆ. ಆದರೆ ಗಾಳಿ ಬಾಯಿಗೆ ನೇರ ಬೀಸಿದ ದಿನ ಕಸ, ಹುಲ್ಲು, ಜೆಲ್ಲಿಮೀನು ಎಲ್ಲವೂ ಒಳಗೆ ಬಂದು ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಸೇರುತ್ತವೆ.

ಆಮೇಲೆ ಕಾರು ನಿಲ್ಲಿಸುವ ಜಾಗ ಎಲ್ಲಿದೆ ನೋಡಿ, ಅಲ್ಲಿಂದ ಕೊಲ್ಲಿಗೆ ಕಾಲುದಾರಿ ಅಳೆಯಿರಿ. 15 ನಿಮಿಷದೊಳಗಿನ ಕೊಲ್ಲಿ ತುಂಬುತ್ತದೆ. 30 ನಿಮಿಷ ದಾಟಿದರೆ ಮಂದಿ ಅರ್ಧಕ್ಕಿಂತ ಕಡಿಮೆ. 45 ದಾಟಿದರೆ ಸೆಪ್ಟೆಂಬರ್ ಬೆಳಿಗ್ಗೆ ನೀವೇ ನೀವು. ಈ ಅಳತೆಗೆ ಬೆನ್ನೆಲುಬು ಕಮೀ ದೆ ಕವಾಲ್ಸ್ ಎಂಬ ಹಳೆಯ ಕುದುರೆ ದಾರಿ. ದ್ವೀಪದ ಸುತ್ತ 185 ಕಿ.ಮೀ., 20 ಹಂತ, ಉದ್ದಕ್ಕೂ ಮರದ ಗುರುತುಗೂಟ. ನಕ್ಷೆಯಲ್ಲಿ ಜಿ.ಆರ್. 223 ಎಂದು ಹುಡುಕಿದರೂ ಸಿಗುತ್ತದೆ. ಎಲ್ಲ ಕಡೆ ಅದು ದಡದ ಮೇಲೇ ಹೋಗುವುದಿಲ್ಲ, ದಕ್ಷಿಣದಲ್ಲಿ ಕಂದಕಗಳನ್ನು ಹತ್ತಿ ಇಳಿಯುತ್ತದೆ. ನೇರ ಗೆರೆ ಎಳೆದು ದೂರ ಲೆಕ್ಕ ಹಾಕಿದರೆ ಸಮಯ ಒಂದೂವರೆ ಪಟ್ಟು ಆಗುತ್ತದೆ. ಆಫ್‌ಲೈನ್ ನಕ್ಷೆ ಇಳಿಸಿಕೊಂಡೇ ಹೋಗಿ, ಕಂದಕದೊಳಗೆ ಮೊಬೈಲ್ ಸಿಗ್ನಲ್ ಸಿಗುವುದು ಕಷ್ಟ.

ಕೆಲವು ಹೆಸರುಗಳು, ನಿಮ್ಮ ಒಂದು ತಾಸಿನ ಮಿತಿಯಲ್ಲಿ.

ಉತ್ತರದ ಗಾಳಿಗೆ, ದಕ್ಷಿಣದಲ್ಲಿ: ದಕ್ಷಿಣ ದಂಡೆಯ ಗಾಲ್ದಾನಾ ಎಂಬ ಜಾಗದಿಂದ ಪೂರ್ವಕ್ಕೆ ನಡೆದರೆ 20-25 ನಿಮಿಷಕ್ಕೆ ಕಾಲಾ ಮಿಟ್ಜಾನಾ (ಕಾಲಾ ಅಂದರೆ ಕೊಲ್ಲಿ). ಇಲ್ಲಿ ಮಂದಿ ಇರುತ್ತಾರೆ, ನಿಲ್ಲಬೇಡಿ. ಇನ್ನೂ 40 ನಿಮಿಷ ನಡೆದರೆ ಕಾಲಾ ತ್ರೆಬಲೂಜೆರ್. ಹಿಂದೆ ಹಳ್ಳದ ನೀರು ನಿಂತಿರುತ್ತದೆ, ಮುಂದೆ ಅಗಲವಾದ ಮರಳು. ನಡಿಗೆಗೆ ತಕ್ಕ ಫಲ ಅಂದರೆ ಇದೇ. ಅದರಾಚೆಯ ಫುಸ್ತಾಮ್, ಎಸ್ಕೊರ್ಶಾದಾ ಇನ್ನೂ ಚೆನ್ನ, ಆದರೆ ಸಾಂತ್ ತೊಮಾಸ್ ಕಡೆಯಿಂದ ಬಂದರೂ ಎಸ್ಕೊರ್ಶಾದಾಕ್ಕೆ ಒಂದೂವರೆ ತಾಸು, ಬಿಸಿಲಲ್ಲಿ ಮಗುವಿಗೆ ಹೆಚ್ಚಾಯಿತು.

ದಕ್ಷಿಣದ ಗಾಳಿಗೆ, ಉತ್ತರದಲ್ಲಿ: ಬಿನಿಮೆಲ್ಲಾ ಪಾರ್ಕಿಂಗಿನಿಂದ ಅರ್ಧ ತಾಸು ಪಶ್ಚಿಮಕ್ಕೆ ನಡೆದರೆ ಪ್ರೆಗೊಂದಾ. ಕೆಂಪು ಹೊಂಬಣ್ಣದ ಮರಳು, ಬಾಯಿಗೆ ಅಡ್ಡಲಾಗಿ ಬಂಡೆಯ ನಡುಗಡ್ಡೆಗಳು, ಅವು ಅಲೆಯನ್ನು ಒಡೆಯುತ್ತವೆ. ಮಕ್ಕಳಿಗೆ ಉತ್ತರದಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಕಾಲಾ ಪಿಲಾರ್ 30-40 ನಿಮಿಷ, ಓಕ್ ಮರಗಳ ಕಾಡಿನೊಳಗಿನ ದಾರಿ, ಬಹುಪಾಲು ನೆರಳು. ಆದರೆ ಅದು ಉತ್ತರಕ್ಕೆ ಪೂರ್ತಿ ತೆರೆದುಕೊಂಡಿದೆ, ತ್ರಮುಂತಾನಾ ಬೀಸಿದ ಮರುದಿನವೂ ಹೋಗಬೇಡಿ. ಈಶಾನ್ಯ ಮೂಲೆಯಲ್ಲಿ ಫವಾರಿಚ್ ದೀಪಸ್ತಂಭದ ಬಳಿಯ ಪ್ರೆಸಿಲಿ ಮತ್ತು ಅದರ ಮುಂದಿನ ತೊರ್ತುಗಾ ಕೂಡ ಶಾಂತ ಜಾಗಗಳು.

ಮಕರೆಲ್ಯಾ ನೋಡಲೇಬೇಕು ಎಂದರೆ ಬೇಸಿಗೆ ಅವಧಿಯಲ್ಲಿ ಖಾಸಗಿ ಕಾರು ಬಿಡುವುದಿಲ್ಲ. ಸಿಯುತದೆಲ್ಲಾದಿಂದ ಬಸ್ಸಿದೆ, ಟಿಕೆಟ್ ಮುಂಚಿತವಾಗಿ ತೆಗೆಯಬೇಕು. ಇಲ್ಲವೆ ಗಾಲ್ದಾನಾದಿಂದ ಪಶ್ಚಿಮಕ್ಕೆ 40 ನಿಮಿಷ ನಡೆಯಿರಿ.

ತಿಂಥಣಿ ಬ್ರಿಜ್, ಯಾದಗಿರಿ

ಬೀದರ ಸರ್ ಹೇಳಿದ ಗಾಳಿ ಲೆಕ್ಕ ಬರೋಬರಿ ಅದ. ಆದ್ರ ಅದಕ್ಕ ಒಂದು ಮಾತು ಕೂಡಿಸಲೇಬೇಕು, ಇಲ್ಲಂದ್ರ ಅಪಾಯ ಅದ.

ಗಾಳಿಗೆ ಬೆನ್ನು ಕೊಟ್ಟ ಕೊಲ್ಲಿ ಶಾಂತ ಯಾಕ ಇರ್ತದ? ಗಾಳಿ ನೆಲದ ಕಡಿಂದ ಸಮುದ್ರದ ಕಡಿಗೆ ಬೀಸ್ತದ, ಅದಕ್ಕ. ಅಂದ್ರ ನೀರಿನ ಮ್ಯಾಲ ತೇಲೋದೆಲ್ಲಾ ಹೊರಗ ಹೋಗ್ತದ. ಬಂಡಿ ಗೋಡಿಯ ಆಸರ ಇರೋ ತನಕ, ಅಂದ್ರ ದಡದಿಂದ ನೂರು ಮೀಟರ್ ಹತ್ರ, ಏನೂ ಗೊತ್ತಾಗೂದಿಲ್ಲ. ಆಸರ ತಪ್ಪಿದ ಕೂಡ್ಲೇ ಗಾಳಿ ಒಮ್ಮೆಲೇ ಹಿಡೀತದ. ಗಾಳಿ ತುಂಬಿದ ಟ್ಯೂಬು, ಹಾಸಿಗಿ, ಬಾತುಕೋಳಿ ಇಂಥಾವು ಮಕ್ಕಳನ್ನ ಕೂಡಿಸಿಕೊಂಡೇ ಹೊರಗ ಒಯ್ತಾವ. ದೊಡ್ಡವ್ರು ಈಜಿ ಹಿಡೀತೀನಿ ಅಂದ್ರೂ ಆಗೂದಿಲ್ಲ, ಹಗುರ ಸಾಮಾನು ಮನುಷ್ಯಾ ಈಜೋದಕ್ಕಿಂತ ಜೋರು ಹೋಗ್ತದ. ಉತ್ತರದ ಗಾಳಿ ಇದ್ದ ದಿನ ದಕ್ಷಿಣದ ಕೊಲ್ಲ್ಯಾಗ ಗಾಳಿ ತುಂಬಿದ್ದು ಏನೂ ನೀರಿಗೆ ಇಳಿಸಬ್ಯಾಡ್ರಿ. ಮಗಳಿಗೆ ಮೈಗೆ ಕಟ್ಟೋ ಲೈಫ್ ಜಾಕೆಟ್ ತಗೋರಿ, ತೂಕದ ಅಳತಿ ಅದರ ಮ್ಯಾಲೇ ಬರ್ದಿರ್ತದ, ನಡುವಿನ ಪಟ್ಟಿ ಕಾಲಿನ ಸಂದಿಯಿಂದ ಹಾದು ಬರೋದು ಇರ್ಬೇಕು. ಅದಿಲ್ಲಂದ್ರ ನೀರಾಗ ಜಾಕೆಟ್ ಮ್ಯಾಲೇರಿ ಕಿವಿ ತನಕ ಬರ್ತದ. ತೇಲಿ ಹೋದ ಸಾಮಾನಿನ ಹಿಂದ ಯಾರೂ ಹೋಗಬ್ಯಾಡ್ರಿ. ಹೋಗ್ಲಿ ಬಿಡ್ರಿ ಅದು.

ಬಾವ್ಯಾಗ ಕಲ್ತವ್ರಿಗೆ ಸಮುದ್ರದಾಗ ಬದಲಾಗೋದು ಏನು ಅಂದ್ರ:

ತೇಲೋದು ಸಲೀಸು. ಪಶ್ಚಿಮ ಮೆಡಿಟರೇನಿಯನ್ ನೀರಾಗ ಲೀಟರಿಗೆ 37-38 ಗ್ರಾಂ ಉಪ್ಪದ, ದೊಡ್ಡ ಸಾಗರದಾಗ ಸರಾಸರಿ 35. ಕಾಲು ಮ್ಯಾಲೇಳ್ತಾವ, ಅಂಗಾತ ಮಲಗಿದ್ರ ಬಾವಿಕಿಂತ ಸಲೀಸು ತೇಲ್ತೀರಿ. ಇದು ಧೈರ್ಯ ಕೊಡ್ತದ, ಅದೇ ಧೈರ್ಯದಾಗ ಮಂದಿ ದೂರ ಹೋಗ್ತಾರ. ಬಾವ್ಯಾಗ ನಾಕು ಕೈ ಹಾಕಿದ್ರ ಗೋಡಿ ಸಿಗ್ತದ, ಇಲ್ಲಿ ದಣಿದಾಗ ಹಿಡೀಲಿಕ್ಕ ಏನೂ ಇಲ್ಲ. ನೀರು ತಿಳಿ ಇರೋದರಿಂದ ತಳ ಕಾಣ್ತದ, ಎದಿಮಟ್ಟ ಅಂದಾಜು ಮಾಡಿದ್ದು ತಲಿ ಮುಳುಗೋವಷ್ಟು ಇರ್ತದ. ಅದಕ್ಕ ದಡಕ್ಕ ಸಮನಾಗಿ ಈಜ್ರಿ, ಹೊರಗ ಮುಖ ಮಾಡಿ ಅಲ್ಲ. ಮಗಳು ಸೊಂಟಮಟ್ಟ ನೀರಾಗ, ನಿಮ್ಮಲ್ಲಿ ಒಬ್ರು ಯಾವಾಗ್ಲೂ ಆಕಿಗಿಂತ ಹೊರಗಡಿ, ಕೈಗೆ ಸಿಗೋ ದೂರದಾಗ.

ಅಲೆ ಇದ್ದ ದಿನ ಕೊಲ್ಲಿಗೆ ಬಂದ ನೀರು ವಾಪಸ್ ಹೋಗೋ ದಾರಿ ಸಾಮಾನ್ಯ ಎರಡೂ ಬದಿ ಬಂಡಿ ಗುಂಟ ಇರ್ತದ. ಅಲ್ಲಿ ಅಲೆ ಒಡಿಯೂದಿಲ್ಲ, ನೋಡ್ಲಿಕ್ಕ ಶಾಂತ ಕಾಣ್ತದ, ಮಂದಿ ಅಲ್ಲೇ ಇಳೀತಾರ. ಎಳೀಲಿಕ್ಕ ಹತ್ತಿದ್ರ ಎದುರು ಈಜಬ್ಯಾಡ್ರಿ, ಕೊಲ್ಲಿಯ ನಡುವಿನ ಕಡಿಗೆ ಅಡ್ಡ ಈಜಿ, ಎಳೆತ ತಪ್ಪಿದ ಮ್ಯಾಲ ದಡಕ್ಕ ತಿರುಗ್ರಿ.

ದೂರದ ಕೊಲ್ಲಿಗಳಾಗ ಕಾವಲುಗಾರ ಇರೂದಿಲ್ಲ, ಬಾವುಟ ಇರೂದಿಲ್ಲ. ಇರೋ ಕಡಿ ಹಸಿರು ಅಂದ್ರ ಇಳೀಬಹುದು, ಹಳದಿ ಅಂದ್ರ ಹುಷಾರ್, ಕೆಂಪು ಅಂದ್ರ ಇಳೀಬಾರ್ದು. ತುರ್ತಿಗೆ 112.

ಬಂಡಿ ಮ್ಯಾಲಿಂದ ಜಿಗಿಯೋದು ಬ್ಯಾಡ್ರಿ. ನಮ್ಮ ಕಡಿ ಬಾವಿ ದಂಡಿಂದ ಜಿಗಿದು ರೂಢಿ ಆದವ್ರಿಗೆ ಇದು ಹೇಳ್ಲೇಬೇಕು. ಸ್ವಚ್ಛ ನೀರಾಗ ತಳದ ಬಂಡಿ ಎಷ್ಟು ಆಳ ಅಂತ ಮ್ಯಾಲಿಂದ ಗೊತ್ತಾಗೂದಿಲ್ಲ.

ಜೇವರ್ಗಿ ಕ್ರಾಸ್, ಕಲಬುರಗಿ

ಭಾಳ ಉಪಕಾರ ಆತ್ರಿ ಇಬ್ಬರಿಗೂ. ಟ್ಯೂಬು ತಗೊಂಡು ಹೋಗೋ ವಿಚಾರ ಇತ್ತು, ಕೈಬಿಟ್ಟೆ.

ಇನ್ನ ಮೂರು ಕೇಳ್ತೀನಿ. ಒಂದು, ಜೆಲ್ಲಿಮೀನು ಕಡದ್ರ ಏನು ಮಾಡ್ಬೇಕು? ಕೆಲವ್ರು ವಿನೆಗರ್ ಅಂತಾರ, ಕೆಲವ್ರು ಬ್ಯಾಡ ಅಂತಾರ. ಎರಡು, ಸೆಪ್ಟೆಂಬರಿನಾಗ ಮಳಿ ಬಂದು ಕಂದಕದಾಗ ಸಿಕ್ಕೊಳ್ಳೋ ಸಂಭವ ಅದ ಏನು? ಮೂರು, ಮನಿಯವ್ರಿಗೆ ಮತ್ತ ಮಗಳಿಗೆ ಬಟ್ಟಿ ಯಾವುದು ಸರಿ, ಊಟದ್ದು ಏನು ಕಟ್ಕೊಂಡು ಹೋಗಬಹುದು?

ತಿಂಥಣಿ ಬ್ರಿಜ್, ಯಾದಗಿರಿ

ಜೆಲ್ಲಿಮೀನಿಂದು ನಾ ಹೇಳ್ತೀನಿ. ಅಲ್ಲಿ ಹೆಚ್ಚು ಕಡಿಯೋದು ಪೆಲಾಜಿಯಾ ಅನ್ನೋ ಜಾತಿ. ಅಂಗೈ ಅಷ್ಟು ದೊಡ್ಡದು, ನೇರಳಿ-ಗುಲಾಬಿ ಬಣ್ಣ, ಮೈಮ್ಯಾಲ ಬೊಟ್ಟು. ಇದಕ್ಕ ವಿನೆಗರ್ ಬ್ಯಾಡ. ವಿನೆಗರ್ ಮಾತು ಬಂದದ್ದು ಬ್ಯಾರೆ ಸಮುದ್ರದ ಪೆಟ್ಟಿಗಿ ಆಕಾರದ ಜೆಲ್ಲಿಮೀನಿಗೆ. ಸಮುದ್ರದ ನೀರಿನಿಂದಲೇ ತೊಳೀರಿ. ಬಾಟ್ಲಿಯ ಕುಡಿಯೋ ನೀರು ಹಾಕಬ್ಯಾಡ್ರಿ. ಚರ್ಮಕ್ಕ ಅಂಟಿದ ಮುಳ್ಳುಕೋಶ ಸಿಹಿನೀರು ತಾಗಿದ ಕೂಡ್ಲೇ ಒಡೆದು ಇನ್ನಷ್ಟು ವಿಷ ಬಿಡ್ತಾವ. ಮರಳು, ಟವೆಲ್ ಹಚ್ಚಿ ತಿಕ್ಕೋದೂ ಬ್ಯಾಡ, ಅದೇ ಕಾರಣ. ಎಳಿ ಉಳಿದಿದ್ರ ಚಿಮಟಿಗಿಯಿಂದ ತೆಗೀರಿ. ಆಮ್ಯಾಲ ಪ್ಲಾಸ್ಟಿಕ್ ಚೀಲದಾಗ ಕಟ್ಟಿದ ತಣ್ಣನ್ನ ಸಾಮಾನು ಅರಿವ್ಯಾಗ ಸುತ್ತಿ ಹತ್ತು ನಿಮಿಷ ಇಡ್ರಿ. ಉಸಿರಾಟ ಕಷ್ಟ, ಮೈತುಂಬ ಗಂಧೆ, ವಾಂತಿ ಬಂದ್ರ 112.

ಇದಕ್ಕಿಂತ ಜೋರು ನೋವು ಕೊಡೋದು ವೀವರ್ ಅನ್ನೋ ಮೀನು. ದಡದ ಹತ್ರ ಮರಳಾಗ ಹುದುಗಿ ಕುಂತಿರ್ತದ, ಬೆನ್ನಿನ ಮುಳ್ಳಿನ್ಯಾಗ ವಿಷ. ಬರಿಗಾಲಿಲೆ ತುಳಿದ್ರ ಗಂಡಾಳು ಸುದ್ಧಾ ಒದರ್ತಾನ. ಇದರ ವಿಷ ಬಿಸಿಗೆ ಕೆಡ್ತದ. ಅದಕ್ಕ ತಣ್ಣೀರಲ್ಲ, ಬಿಸಿನೀರು: ತಡಕೊಳ್ಳೋವಷ್ಟು, 40 ರಿಂದ 45 ಡಿಗ್ರಿ, ಕನಿಷ್ಠ ಅರ್ಧಾ ತಾಸು ಕಾಲು ಮುಳುಗಿಸಿ ಇಡಬೇಕು. ದೂರದ ಕೊಲ್ಲಿಗೆ ಹೋಗುವಾಗ ಒಂದು ಲೀಟರ್ ಥರ್ಮಾಸಿನಾಗ ಕುದ್ದ ನೀರು, ಮಡಚೋ ಚೀಲ ಒಂದು ಇಟ್ಕೋರಿ, ಅಲ್ಲೇ ಸಮುದ್ರದ ನೀರು ಬೆರಸಿ ಹದ ಮಾಡ್ಲಿಕ್ಕ ಬರ್ತದ. ಹದ ನೋಡೋದು ಪೆಟ್ಟಾಗದವರ ಕೈಯಿಂದ. ನೋವಿನ್ಯಾಗ ಇರೋ ಕಾಲಿಗೆ ಸುಡೋದು ಗೊತ್ತಾಗೂದಿಲ್ಲ.

ಈ ಮೀನಿಗೂ, ಬಂಡಿ ಮ್ಯಾಲಿನ ಕಡಲ ಮುಳ್ಳುಚೆಂಡಿಗೂ ಸೇರಿ ಒಂದೇ ಉಪಾಯ ನೀರಾಗ ಹಾಕೋ ರಬ್ಬರ್ ತಳದ ಬೂಟು. ಮೂವರಿಗೂ ತಗೋರಿ. ಹವಾಯಿ ಚಪ್ಪಲಿ ನೀರಾಗ ನಿಲ್ಲೂದಿಲ್ಲ. ಈಜೋ ಕನ್ನಡಕ ಹಾಕಿ ಮೊದಲ ದೊಡ್ಡವ್ರೊಬ್ರು ಇಳಿದು ಒಂದು ಸುತ್ತು ನೋಡಿ, ನೇರಳಿ ಬಣ್ಣದ ಜೆಲ್ಲಿಮೀನು ಎರಡು ಮೂರು ಕಂಡ್ರ ಆ ಕೊಲ್ಲಿ ಬಿಟ್ಟು ಗಾಳಿಯ ಇನ್ನೊಂದು ಬದಿಗೆ ಹೋಗ್ರಿ.

ನೌಬಾದ್ ಸುರಂಗ, ಬೀದರ

ಗಾಳಿ ತುಂಬಿದ ವಸ್ತುಗಳ ಬಗ್ಗೆ ಯಾದಗಿರಿಯವರು ಬರೆದದ್ದು ನನ್ನ ಉತ್ತರದಲ್ಲಿ ಇರಲೇಬೇಕಾಗಿತ್ತು, ಅದನ್ನು ಸೇರಿಸಿಯೇ ಓದಿಕೊಳ್ಳಿ.

ಮಳೆಯ ಪ್ರಶ್ನೆ ಸರಿಯಾದದ್ದು. ಬೇಸಿಗೆಯ ಕೊನೆಗೆ ಕಡಲ ನೀರು ಕಾದಿರುತ್ತದೆ, ಸೆಪ್ಟೆಂಬರಿನಲ್ಲಿ 24-25 ಡಿಗ್ರಿ. ಮೇಲೆ ತಂಪು ಗಾಳಿಯ ಒಂದು ಗುಂಡಿ ಬಂದು ನಿಂತರೆ ಕೆಲವೇ ತಾಸಿನಲ್ಲಿ ಭಾರಿ ಮಳೆ ಸುರಿಯುತ್ತದೆ. 2024ರ ಆಗಸ್ಟ್ 15ರಂದು ಇಂಥದ್ದೇ ಮಳೆಗೆ ಅಲಯೋರ್, ಎಸ್ ಮೆರ್ಕಾದಾಲ್ ಊರುಗಳ ಬೀದಿಗಳಲ್ಲಿ ಹೊಳೆ ಹರಿಯಿತು. ದಕ್ಷಿಣದ ಪ್ರತಿ ಕೊಲ್ಲಿಯೂ ಒಂದು ಹಳ್ಳದ ಬಾಯಿ ಎಂಬುದನ್ನು ಮರೆಯಬೇಡಿ. ಮಳೆ ನಿಮ್ಮ ತಲೆಯ ಮೇಲೆ ಬೀಳಬೇಕೆಂದಿಲ್ಲ, ಐದಾರು ಕಿ.ಮೀ. ಒಳನಾಡಿನಲ್ಲಿ ಬಿದ್ದದ್ದು ಕಂದಕದೊಳಗೆ ಬರುತ್ತದೆ. ಸ್ಪೇನಿನ ಹವಾಮಾನ ಸಂಸ್ಥೆ ಏಮೆಟ್‌ನ ಎಚ್ಚರಿಕೆ ಪುಟದಲ್ಲಿ ಮೆನೋರ್ಕಾ ಹಳದಿ ತೋರಿಸಿದರೆ ತ್ರೆಬಲೂಜೆರ್‌ನಂಥ ಕಂದಕದ ಕೊಲ್ಲಿ ಬಿಡಿ, ಕಿತ್ತಳೆ ತೋರಿಸಿದರೆ ಮನೆ ಬಿಡಬೇಡಿ. ಮಳೆಯ ನಂತರ ಎರಡು ದಿನ ನೀರು ರಾಡಿ ಇರುತ್ತದೆ, ಕಸ ತೇಲುತ್ತದೆ. ಯಾವ ಕೊಲ್ಲಿ ತಿಳಿಯಾಯಿತು ಎಂದು ನೋಡಲು ಕೋಪರ್ನಿಕಸ್ ಬ್ರೌಸರ್ ಎಂಬ ಉಚಿತ ತಾಣವಿದೆ. ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಸುಮಾರು 5 ದಿನಕ್ಕೊಮ್ಮೆ ಸಿಗುತ್ತದೆ, ಒಂದು ಚುಕ್ಕೆಗೆ 10 ಮೀಟರ್. ಮನುಷ್ಯರು ಕಾಣುವುದಿಲ್ಲ, ಆದರೆ ಕಂದು ನೀರು ಎಲ್ಲಿಯವರೆಗೆ ಹರಡಿದೆ ಎಂಬುದು ಸ್ಪಷ್ಟ.

ಏಮೆಟ್‌ನ ಎಚ್ಚರಿಕೆಗಳಲ್ಲಿ ರಿಸ್ಸಾಗಾ ಎಂಬುದೂ ಬರಬಹುದು. ಮೆನೋರ್ಕಾ ಸುತ್ತಲಿನ ಕಡಲಲ್ಲಿ ಉಬ್ಬರವಿಳಿತ ಹೆಚ್ಚೆಂದರೆ ಗೇಣುದ್ದ, ಆದ್ದರಿಂದ ದಡದಲ್ಲಿ ಚೀಲ ಇಟ್ಟು ಮಂದಿ ನಿಶ್ಚಿಂತೆಯಿಂದ ಇರುತ್ತಾರೆ. ರಿಸ್ಸಾಗಾ ಬೇರೆಯೇ. ವಾತಾವರಣದ ಒತ್ತಡ ಥಟ್ಟನೆ ಏರಿಳಿದಾಗ ಎದ್ದ ಅಲೆ ಕಿರಿದಾದ ಕೊಲ್ಲಿಯೊಳಗೆ ಬಂದು ಹಿಗ್ಗುತ್ತದೆ, ಕೆಲವೇ ನಿಮಿಷಗಳಲ್ಲಿ ನೀರು ಇಳಿದು ಮತ್ತೆ ನುಗ್ಗುತ್ತದೆ. 2006ರ ಜೂನ್ 15ರಂದು ಸಿಯುತದೆಲ್ಲಾ ಬಂದರಿನಲ್ಲಿ ನೀರು 4 ಮೀಟರಿಗೂ ಹೆಚ್ಚು ಇಳಿದು ದೋಣಿಗಳು ತಳಕ್ಕೆ ಕುಳಿತವು, ಮರಳಿ ಬಂದ ನೀರು ಹಲವನ್ನು ಒಡೆದು ಹಾಕಿತು. ಅಷ್ಟು ದೊಡ್ಡದು ಅಪರೂಪ, ಸಣ್ಣವು ಬೇಸಿಗೆಯಲ್ಲಿ ಆಗಾಗ ಬರುತ್ತವೆ. ಉದ್ದ, ಕಿರಿದಾದ ಕೊಲ್ಲಿಯೇ ಅಲೆಗೆ ಒಳ್ಳೆಯದು ಎಂದು ಮೇಲೆ ಬರೆದೆನಲ್ಲ, ಈ ಎಚ್ಚರಿಕೆ ಬಂದ ದಿನ ಅಂಥದ್ದನ್ನೇ ಬಿಡಬೇಕು. ಕೊಲ್ಲಿಯ ನೀರು ಕಾರಣವಿಲ್ಲದೆ ಹಿಂದೆ ಸರಿದರೆ ಸಾಮಾನು ಬಿಟ್ಟು ಮೇಲಕ್ಕೆ ನಡೆಯಿರಿ.

ಸೇಡಂ ತೊಗರಿ, ಕಲಬುರಗಿ ಜಿಲ್ಲೆ

ಬಟ್ಟಿ, ಊಟ, ಗಾಡಿ ನನ್ನ ಪಾಲಿಗೆ ಬಿಡ್ರಿ.

ಹತ್ತಿ ಬಟ್ಟಿ ನೀರಿಗೆ ಬ್ಯಾಡ. ಚೂಡಿದಾರ, ಓಢಣಿ, ಉದ್ದ ನೈಟಿ ನೀರು ಕುಡಿದು ಭಾರ ಆಗ್ತಾವ, ಕಾಲಿಗೆ ಸುತ್ಕೊಳ್ತಾವ. ಮೈ ಮುಚ್ಚಬೇಕಂದ್ರ ಪೂರ್ತಿ ತೋಳಿನ ಲೈಕ್ರಾ ಅಂಗಿ, ಮೊಣಕಾಲ ಕೆಳಗಿನ ತನಕ ಅದೇ ಬಟ್ಟಿ ಪ್ಯಾಂಟ್ ತಗೋರಿ, ಆನ್‌ಲೈನ್ ಸಿಗ್ತಾವ. ಬಿಸಿಲಿಗೂ ಅದೇ ಕಾಯ್ತದ, ಜೆಲ್ಲಿಮೀನಿಗೂ ಅರ್ಧ ಕಾಯ್ತದ. ಮಗಳಿಗೆ ಕಿತ್ತಳೆ ಇಲ್ಲಾ ಗಿಳಿಹಸಿರು ಬಣ್ಣ ಆರಿಸ್ರಿ, ನೀಲಿ ಬಣ್ಣ ನೀರಾಗ ಕಾಣೂದಿಲ್ಲ. ಇನ್ನೊಂದು ಮೊದಲೇ ತಿಳಿದಿರ್ಲಿ: ದೂರದ ಕೊಲ್ಲಿಗಳಾಗ ಕೆಲವ್ರು ಬಟ್ಟಿ ಇಲ್ಲದ ಈಜ್ತಾರ, ಅಲ್ಲಿ ಅದು ತಪ್ಪಲ್ಲ. ಮುಜುಗರ ಅನಿಸಿದ್ರ ಮಕರೆಲ್ಯಾದ ಪಕ್ಕದ ಮಕರೆಲೆತಾ ಬಿಡ್ರಿ. ಪ್ರೆಗೊಂದಾ ಕಡಿ ಸಂಸಾರ ಸಮೇತ ಬರೋರೇ ಹೆಚ್ಚು.

ಊಟಕ್ಕ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇಲ್ಲಿಂದಲೇ ಒಯ್ಯಬಹುದು, ಕೆಡೂದಿಲ್ಲ, ಬಿಸಿಲಿಗೂ ಬಾಳ್ತಾವ. ಯುರೋಪಿಗೆ ಹೊರಗಿಂದ ಹಾಲಿನ ಪದಾರ್ಥ, ಮಾಂಸ ತರ್ಲಿಕ್ಕ ಬಿಡೂದಿಲ್ಲ. ಪೇಡಾ, ಖೋವಾ, ತುಪ್ಪ ಎಲ್ಲಾ ಅದರಾಗ ಬರ್ತಾವ, ವಿಮಾನ ನಿಲ್ದಾಣದಾಗ ತೆಗೆದು ಒಗೀತಾರ. ತ್ರೆಬಲೂಜೆರ್, ಪಿಲಾರ್, ಪ್ರೆಗೊಂದಾ ಯಾವ ಕೊಲ್ಲ್ಯಾಗೂ ಅಂಗಡಿ ಇಲ್ಲ, ನಳ ಇಲ್ಲ, ಶೌಚಾಲಯ ಇಲ್ಲ. ಬಾಟ್ಲಿ ನೀರು ಒಬ್ಬೊಬ್ರಿಗೆ 2 ಲೀಟರ್, ಮಗಳಿಗೆ ಒಂದೂವರೆ, ಕೈಕಾಲು ತೊಳೀಲಿಕ್ಕ ಬ್ಯಾರೆ. ಉಪ್ಪಿನ ನೀರಾಗ ಆಡಿದ ಹುಡುಗ್ರಿಗೆ ಬಾಯಾರಿಕಿ ತಡಮಾಡಿ ಗೊತ್ತಾಗ್ತದ, ಕೇಳೋ ತನಕ ಕಾಯದ ಕುಡಿಸ್ರಿ. ಕಸದ ಡಬ್ಬಿ ಇರೂದಿಲ್ಲ, ಚೀಲದಾಗ ಕಟ್ಕೊಂಡು ವಾಪಸ್ ತರಬೇಕು.

ಗಾಡಿ ಬಾಡಿಗಿ ಹಿಡಿಯೋರಿದ್ರ ಇಲ್ಲಿನ ಆರ್‌ಟಿಒ ಕಚೇರಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸ್ರಿ, ಒಂದು ವರ್ಷ ನಡೀತದ, ಇಲ್ಲಿನ ಲೈಸೆನ್ಸ್ ಜೊತಿಗೆ ಇರ್ಬೇಕು. ಅಲ್ಲಿ ಬಲಗಡಿ ಓಡಿಸಬೇಕು. 135 ಸೆಂ.ಮೀ. ಮತ್ತ ಅದಕ್ಕಿಂತ ಕಡಿಮಿ ಎತ್ತರದ ಮಕ್ಕಳಿಗೆ ಹಿಂದಿನ ಸೀಟಿನಾಗ ಮಕ್ಕಳ ಸೀಟು ಕಡ್ಡಾಯ, ಮಗಳ ಎತ್ತರ ಅಳೆದು ಬುಕಿಂಗ್ ಮಾಡುವಾಗಲೇ ಹೇಳ್ರಿ. ಕೊಲ್ಲಿ ಹತ್ರದ ಪಾರ್ಕಿಂಗ್ ತುಂಬಿದ್ರ ಮುಖ್ಯರಸ್ತೆ ಮ್ಯಾಲೇ ಬೋರ್ಡಿನಾಗ ತೋರಿಸ್ತಾರ. ರಸ್ತೆ ಬದಿ ನಿಲ್ಲಿಸಿದ್ರ ದಂಡ ಬೀಳ್ತದ, ಬ್ಯಾರೆ ಕೊಲ್ಲಿಗೆ ತಿರುಗೋದೇ ಚಲೋ. ಮುಂಜಾನೆ ಒಂಬತ್ತರೊಳಗ ಮುಟ್ರಿ, ಇಲ್ಲಾ ಸಂಜಿ ಐದರ ಮ್ಯಾಲ ಹೋಗ್ರಿ. ನಡುವಿನ ಹೊತ್ತಿನಾಗ ಪ್ರವಾಸಿ ದೋಣಿ ಬಂದು ಮಂದಿ ಇಳಿಸ್ತಾವ. ಸಂಜಿ ಹೋಗೋದಿದ್ರ ಹೊತ್ತು ಮುಳುಗೋದು ಎಂಟರ ಸುಮಾರಿಗೆ, ಹಾದಿಗೆ ಬ್ಯಾಟರಿ ಇರ್ಲಿ.

ಬಸ್ಸಿನ್ಯಾಗ ಹೋಗೋದಿದ್ರ ಫೆರೆರಿಯೆಸ್‌ನಿಂದ ಗಾಲ್ದಾನಾಕ್ಕ ಬಸ್ಸದ, ಅಲ್ಲಿಂದ ಮಿಟ್ಜಾನಾ, ತ್ರೆಬಲೂಜೆರ್ ದಾರಿ ಹಿಡೀಬಹುದು. ಉತ್ತರದ ಕೊಲ್ಲಿಗಳಿಗೆ ಗಾಡಿ ಇದ್ರನೇ ಸಲೀಸು. ಕುದುರಿ ದಾರ್ಯಾಗ ಕಾಡು ಆಲಿವ್ ಕಟಗಿಯ ಬಾಗಿಲು ಬರ್ತಾವ, ದನ ಹೊರಗ ಹೋಗಬಾರ್ದು ಅಂತ ಹಾಕಿದ್ದು. ತೆಗೆದವ್ರೇ ಹಾಕಬೇಕು.

ಜೇವರ್ಗಿ ಕ್ರಾಸ್, ಕಲಬುರಗಿ

ಮಗಳ ಎತ್ತರ 133 ಅದ, ಈಗಲೇ ಸೀಟಿಗೆ ಬರೀತೀನಿ. ಒಂದು ಕೊನೀದು: ಕೆಲವು ಫೋಟೋದಾಗ ದಡದ ತುಂಬ ಕಂದು ಎಲಿಯ ರಾಶಿ ಕಾಣ್ತದ, ವಾಸನಿ ಬರ್ತದ ಅಂತ ಬರ್ದಾರ. ಅದು ಹೊಲಸು ನೀರೇನ್ರಿ? ಅಂಥಾ ಕೊಲ್ಲಿ ಬಿಡಬೇಕಾ?

ನೌಬಾದ್ ಸುರಂಗ, ಬೀದರ

ಹೊಲಸಲ್ಲ, ತದ್ವಿರುದ್ಧ. ಅದು ಪೊಸಿಡೋನಿಯಾದ ಉದುರಿದ ಎಲೆ. ಪಾಚಿಯಲ್ಲ, ಬೇರು, ಹೂವು, ಹಣ್ಣು ಇರುವ ಗಿಡ. ನೀರು ತಿಳಿಯಿದ್ದರೆ ಮಾತ್ರ ಬೆಳೆಯುತ್ತದೆ, ಅದು ಬೆಳೆದಲ್ಲಿ ನೀರು ಇನ್ನೂ ತಿಳಿಯಾಗುತ್ತದೆ. ದಡದಲ್ಲಿ ಬಿದ್ದ ಎಲೆಯ ರಾಶಿ ಚಳಿಗಾಲದ ಅಲೆಗೆ ಮರಳು ಕೊಚ್ಚಿಹೋಗದಂತೆ ತಡೆಯುತ್ತದೆ, ಅದಕ್ಕೇ ಎಲ್ಲ ಕಡೆ ಅದನ್ನು ಗುಡಿಸಿ ತೆಗೆಯುವುದಿಲ್ಲ. ಮೆನೋರ್ಕಾ ಸೇರಿರುವ ಬಾಲೆಯಾರಿಕ್ ದ್ವೀಪಗಳ ಸರ್ಕಾರ 2018ರಲ್ಲಿ ಈ ಹುಲ್ಲಿಗೆ ಕಾನೂನಿನ ರಕ್ಷಣೆ ಕೊಟ್ಟಿದೆ, ಅದರ ಮೇಲೆ ದೋಣಿಯ ಲಂಗರು ಹಾಕುವಂತಿಲ್ಲ.

ಕೊಳೆಯುವಾಗ ವಾಸನೆ ಇದೆ, ನಿಜ. ಗಾಳಿ ನೆಲದ ಕಡೆಯಿಂದ ಬೀಸುವ ದಿನ ಅದು ಕಡಲ ಕಡೆ ಹೋಗುತ್ತದೆ, ರಾಶಿಯ ಹಿಂದಿನ ಮರಳಲ್ಲಿ ಕುಳಿತರೆ ಗೊತ್ತೇ ಆಗುವುದಿಲ್ಲ. ಬಹಳ ಮಂದಿ ಆ ರಾಶಿ ನೋಡಿ ತಿರುಗಿ ಹೋಗುತ್ತಾರೆ, ನೀವು ಹೋಗಬೇಡಿ. ರಾಶಿ ತಗ್ಗಿರುವ ಒಂದು ತುದಿ ಹುಡುಕಿ ಅಲ್ಲಿಂದ ನೀರಿಗೆ ಇಳಿಯಿರಿ. ಮಗಳನ್ನು ರಾಶಿಯ ಮೇಲೆ ಓಡಲು ಬಿಡಬೇಡಿ, ಮೇಲೆ ಒಣಗಿ ಗಟ್ಟಿ ಕಂಡರೂ ಒಳಗೆ ಮೆತ್ತಗಿದ್ದು ಮೊಣಕಾಲವರೆಗೆ ಹುಗಿಯಬಹುದು. ನೀರಿನೊಳಗೆ ಹತ್ತಿಪ್ಪತ್ತು ಹೆಜ್ಜೆ ದಾಟಿದರೆ ಎಲೆ ಮುಗಿದು ಮರಳು ಸಿಗುತ್ತದೆ. ಕನ್ನಡಕ ಹಾಕಿಸಿ ಆ ಹುಲ್ಲಿನ ಅಂಚು ಮಗಳಿಗೆ ತೋರಿಸಿ, ಸಣ್ಣ ಮೀನುಗಳ ಹಿಂಡು ಅಲ್ಲೇ ಇರುತ್ತದೆ.